ಕಳಿಸುವ ಗುಂಡಿ

ಆ ಮನೆಯಲ್ಲಿ ಗಂಡನ ಪತ್ರಗಳನ್ನೆಲ್ಲ ಹೆಂಡತಿಯೇ ಬರೆಯುವುದು ಮದುವೆಯಾದ ಹೊಸದರಿಂದ ನಡೆದುಬಂದ ಪದ್ಧತಿ. ಗಂಡನಿಗೆ ಓದುಬರಹ ಬಾರದೆ ಅಲ್ಲ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಪ್ರೋಗ್ರಾಂ ಬರೆಯುವುದೇ ಅವನ ಕಸುಬು. ಆದರೆ ಮನುಷ್ಯರಿಗೆ ನಾಲ್ಕು ಸಾಲು ಬರೆಯಬೇಕೆಂದರೆ ಮಾತ್ರ ಆ ಮಹಾರಾಯನಿಗೆ ಜ್ವರ ಬರುತ್ತಿತ್ತು. ಬರೆದರೂ ಹೇಗೆ? ರಜೆ ಕೇಳಿದರೆ ಬೆದರಿಕೆ ಹಾಕಿದ ಹಾಗಿರಬೇಕು, ಸಂತಾಪ ಸೂಚಿಸಿದರೆ ರಸೀದಿ ಹರಿದುಕೊಟ್ಟ ಹಾಗಿರಬೇಕು. ಆಕೆಗೋ ಇದೆಲ್ಲ ನೀರು ಕುಡಿದಷ್ಟು ಸಲೀಸು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಾಗಿಲ ಎದುರಿನ ಮೇಜಿಗೆ ಕೂತು, ಕೆನ್ನೆ ಊದಿಸಿಕೊಂಡು ಬಂದವರನ್ನು ನಯವಾದ ಮಾತಿನಲ್ಲೇ ಅರ್ಧ ಗುಣ ಮಾಡಿ ಕೂರಿಸುವವಳು. ಹೀಗಾಗಿ ಅವನು ಹೇಳುತ್ತಿದ್ದ, ಆಕೆ ಬರೆಯುತ್ತಿದ್ದಳು, ಒಮ್ಮೆ ಓದಿ ಹೇಳಿ ಕಳಿಸುವ ಗುಂಡಿ ಒತ್ತುತ್ತಿದ್ದಳು. ಬರಬರುತ್ತಾ ಅವನು ಓದಿಸಿಕೊಳ್ಳುವುದನ್ನೂ ಬಿಟ್ಟ. "ನೀನು ನೋಡಿದ್ಮೇಲೆ ನಾನೇನು ನೋಡೋದು" ಅನ್ನುತ್ತ ಎದ್ದು ಹೋಗುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಆಕೆಗೆ ಒಳಗೊಳಗೇ ಹೆಮ್ಮೆ.

ಇದೇ ಪದ್ಧತಿ ಒಂದು ದಿನ ಕುತ್ತಿಗೆಗೆ ಬರುತ್ತದೆಂದು ಯಾರು ಕಂಡಿದ್ದರು?

ಸುದ್ದಿ ಬಂದದ್ದು ರಾತ್ರಿಯ ಊಟಕ್ಕೆ ಎಲ್ಲರೂ ಕೂತಾಗ. ಎಲ್ಲರೂ ಅಂದರೆ ಗಂಡ, ಆಕೆ, ಮಗಳು, ಅತ್ತೆ. ಮಗಳೂ ಅಪ್ಪನ ಕಸುಬನ್ನೇ ಹಿಡಿದು ಬೇರೊಂದು ಆಫೀಸಿಗೆ ಹೋಗುತ್ತಿದ್ದಳು. ಮಾತನ್ನು ಕಡ್ಡಿ ಮುರಿದ ಹಾಗೆ ಆಡುತ್ತಾಳೆಂದು ಮನೆಯಲ್ಲಿ ಅವಳ ಹೆಸರೇ ಕಡ್ಡಿ ಎಂದಾಗಿಬಿಟ್ಟಿತ್ತು.

ಗಂಡ ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಗಳಿಗೆ ಮಂಚ, ಗಾಲಿಕುರ್ಚಿ ಮಾರುವ ಕಂಪನಿಯಲ್ಲಿ. ಆಸ್ಪತ್ರೆಯವರು ಆರ್ಡರ್ ಹಾಕುವ ವೆಬ್‌ಸೈಟನ್ನು ಅವನೊಬ್ಬನೇ ಕಟ್ಟಿ ನಿಲ್ಲಿಸಿದ್ದ. ಅದು ಪಿಎಚ್‌ಪಿ ಎಂಬ ಭಾಷೆಯಲ್ಲಿತ್ತು. ವೆಬ್‌ಸೈಟು ಕಟ್ಟುವುದೆಂದರೆ ಅದೇ ಭಾಷೆ ಎನ್ನುವ ಕಾಲದಲ್ಲಿ ಕಲಿತು, ಅದರಲ್ಲೇ ತಲೆ ನರೆಸಿಕೊಂಡವನು ಅವನು. ಈಗ ಆ ಕಂಪನಿಯನ್ನು ಅದರ ಅಪ್ಪನಂಥ ಇನ್ನೊಂದು ಕಂಪನಿ ಕೊಂಡಿತ್ತು.

"ಪಿಎಚ್‌ಪಿ ಬೇಡವಂತೆ" ಎಂದ ಅವನು, ಆಲೂಗಡ್ಡೆಯನ್ನು ತಟ್ಟೆಯಲ್ಲಿ ಅತ್ತಿತ್ತ ತಳ್ಳುತ್ತ. "ದೊಡ್ಡೋರ ಬೇರೆ ಯಾವ ಕಂಪನೀಲೂ ಅದಿಲ್ವಂತೆ. ಎಲ್ಲಾ ಹೊಸ ಭಾಷೇಲಿ ಮೊದ್ಲಿಂದ ಬರೀತಾರಂತೆ."

"ಯಾವ ಭಾಷೆ ಕಣೋ?" ಅತ್ತೆ ಕಿವಿ ಮುಂದೆ ಮಾಡಿದರು. "ಯಾರು ಮಾತಾಡ್ತಾರೆ ಅದನ್ನ?"

"ಯಾರೂ ಮಾತಾಡಲ್ಲಮ್ಮ. ಕಂಪ್ಯೂಟರಿಗೆ ಬರೆಯೋದು."

"ಯಾರೂ ಮಾತಾಡದೇ ಇರೋ ಭಾಷೆ ಹೋದ್ರೆ ಹೋಗ್ಲಿ ಬಿಡು. ಅದಕ್ಯಾಕೆ ಮುಖ ಹಾಗೆ ಮಾಡ್ಕೊಂಡಿದ್ದೀಯ?"

"ಅಮ್ಮಾ, ಸುಮ್ನೆ ಊಟ ಮಾಡು."

"ಅದೇನೂ ಹೋಗಿಲ್ಲ ಅಜ್ಜಿ" ಎಂದಳು ಕಡ್ಡಿ. "ಇನ್ನೂ ಎಷ್ಟೋ ಸೈಟು ಅದರಲ್ಲೇ ಓಡ್ತಿವೆ. ದೊಡ್ಡ ಕಂಪನಿಯೋರು ಹೊಸದಾಗಿ ಏನಾದ್ರೂ ಕಟ್ಟೋವಾಗ ಅದನ್ನ ಕೇಳೋದು ಕಮ್ಮಿ ಆಗಿದೆ, ಅಷ್ಟೇ."

"ಕಮ್ಮಿ ಆಗಿದೆ ಅಂತ ನಿನಗ್ಯಾರು ಹೇಳಿದ್ದು?"

"ಯಾರಾದ್ರೂ ಹೇಳ್ಬೇಕಾ ಅಪ್ಪ? ನಮ್ಮ ಆಫೀಸಲ್ಲಿ ಅದರ ಹೆಸರೆತ್ತಿದ್ರೆ ನಗ್ತಾರೆ."

ಗಂಡ ಚಮಚವನ್ನು ಮೇಜಿನ ಮೇಲೆ ಕುಕ್ಕಿದ. ನೀರಿನ ಲೋಟ ಅಲುಗಿತು. "ನಗ್ತಾರಾ? ಆ ನಗೋರ ಸಂಬಳದ ಸ್ಲಿಪ್ಪನ್ನ ಯಾವ ಭಾಷೇಲಿ ಮಾಡಿದಾರೆ ಅಂತ ಹೋಗಿ ಕೇಳು!"

ಆಕೆ ನಡುವೆ ಬಂದಳು. "ಹಾಗಾದ್ರೆ ನಿಮ್ಮ ಕೆಲಸ?"

"ಹೊಸ ಟೀಮಲ್ಲಿ ಒಂದು ಜಾಗ ಇದೆಯಂತೆ. ಎಲ್ಲರಿಗಿಂತ ಕೆಳಗೆ. ನಮ್ಮ ಕಡ್ಡಿ ವಯಸ್ಸಿನ ಒಂದು ಹುಡುಗಿ ಪಕ್ಕದಲ್ಲಿ ಕೂತು ನಾನು ಅ ಆ ಇ ಈ ತಿದ್ದಬೇಕಂತೆ. ನಾನು!"

"ನೀವೇನಂದ್ರಿ?"

"ಬೇಡ ಅಂದೆ. ನಿಮ್ಮ ಮಂಚ ನೀವೇ ಹೊತ್ಕೊಳ್ಳಿ ಅಂದೆ."

"ಅಯ್ಯೋ! ಬಾಯಲ್ಲೇ ಅಂದುಬಿಟ್ರಾ?"

"ಮತ್ತೆ? ನೀನು ಬರ್ದುಕೊಡೋತನಕ ಕಾಯ್ಲಾ?"

ಮ್ಯಾನೇಜರ್ ಒಳ್ಳೆಯ ಮನುಷ್ಯ. ಹಳೆಯ ಸೈಟು ಮುಚ್ಚುವ ತನಕ ಯೋಚಿಸಿ ನೋಡಿ, ಬರೆದು ತಿಳಿಸಿ ಅಂದಿದ್ದರು. ಅದನ್ನು ಗಂಡ ಹೇಳಿದ್ದು ಊಟ ಮುಗಿದು ಆಕೆ ತಟ್ಟೆ ಎತ್ತುವಾಗ, ಅದೂ ಯಾರೋ ಬೈದದ್ದನ್ನು ವರದಿ ಮಾಡುವ ಧಾಟಿಯಲ್ಲಿ. ಬೇರೆ ಕಡೆ ಹುಡುಕುತ್ತೇನೆ, ನನ್ನಂಥವನಿಗೆ ಕೆಲಸ ಸಿಗದೆ ಹೋದೀತೇ ಎಂದ. ಆಕೆಯ ಸಂಬಳ ಮನೆಯ ಕಂತು ಕಟ್ಟುವುದರಲ್ಲೇ ಕರಗುತ್ತಿತ್ತು. ಮಿಕ್ಕಿದ್ದೆಲ್ಲ ನಡೆಯುತ್ತಿದ್ದದ್ದು ಅವನ ಸಂಬಳದಲ್ಲಿ. "ನಾನಿದ್ದೀನಲ್ಲ, ನಾನು ಕೊಡ್ತೀನಿ" ಅಂದ ಮಗಳಿಗೆ "ನಿನ್ನ ದುಡ್ಡು ನಿನ್ನ ಹತ್ರಾನೇ ಇಟ್ಕೊ" ಎಂಬ ಉತ್ತರ ಸಿಕ್ಕಿತು.

ಅಲ್ಲಿಂದ ಶುರುವಾಯಿತು ಹುಡುಕಾಟ. ಅವನು ಹೇಳಿದ, ಆಕೆ ಬರೆದಳು, ಕಳಿಸಿದಳು. ಕೆಲವರು ಉತ್ತರಿಸಲೇ ಇಲ್ಲ. ಕೆಲವರು ನಿಮ್ಮ ಅನುಭವ ಅಪಾರ, ಆದರೆ ನಮಗೆ ಬೇಕಾದದ್ದು ಬೇರೆ ಎಂದು ಬರೆದರು. ಅಪಾರ ಅನ್ನುವ ಪದ ಕಂಡರೇ ಗಂಡ ಮುಖ ಕಿವಿಚುವಂತಾಯಿತು. ಕಂಪನಿಗಳ ಮೇಲಿನ ಸಿಟ್ಟನ್ನು ಅವನು ಮನೆಯ ಸ್ವಿಚ್ಚುಗಳ ಮೇಲೆ ತೀರಿಸಿಕೊಳ್ಳತೊಡಗಿದ. ಜನ ಒಳಗಿರುವಾಗಲೇ ಬಚ್ಚಲಿನ ದೀಪ ಆರುತ್ತಿತ್ತು. ಸ್ನಾನದ ನೀರು ಕಾಯುವ ಮೊದಲೇ ಗೀಸರ್ ತಣ್ಣಗಾಗುತ್ತಿತ್ತು. ಬೆಳಗ್ಗೆ ಕಡ್ಡಿ ಎರಡನೇ ಮೊಟ್ಟೆಗೆ ಕೈಹಾಕಿದರೆ ಅವನು ಪೇಪರಿನ ಮೇಲಿಂದ ನೋಡುತ್ತಿದ್ದ.

"ಮೊದ್ಲೇ ನಂಗೆ ಕಣ್ಣು ಕಾಣಲ್ಲ" ಎಂದು ಅತ್ತೆ ಒಂದು ಸಂಜೆ ಕತ್ತಲ ಕೋಣೆಯಿಂದಲೇ ಕೂಗು ಹಾಕಿದರು. "ನೀನು ಇರೋ ಒಂದು ದೀಪಾನೂ ಆರಿಸ್ತೀಯ. ಒಂದೇ ಸಲ ಕತ್ತು ಹಿಸುಕಿಬಿಡೋ. ಕರೆಂಟೂ ಉಳಿಯುತ್ತೆ, ಅನ್ನಾನೂ ಉಳಿಯುತ್ತೆ."

ಕೊನೆಗೊಂದು ಕಂಪನಿ ಉತ್ತರ ಬರೆಯಿತು. ಬಾಡಿಗೆ ಸೈಕಲ್ ಅಂಗಡಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದು ಕಳಿಸಿ, ನೋಡಿ ಕರೆಯುತ್ತೇವೆ ಎಂದಿತ್ತು. ಯಾವ ಸೈಕಲ್ ಹೊರಗಿದೆ, ಯಾವುದು ವಾಪಸು ಬಂದಿದೆ, ತಡವಾದರೆ ಏನು ಎಂಬಷ್ಟೇ. ಭಾಷೆ ನಿಮ್ಮಿಷ್ಟ, ಆದರೆ ನಾವು ಬಳಸುವುದು ಇದು ಎಂದು ಹೊಸ ಭಾಷೆಯ ಹೆಸರನ್ನೂ ಹಾಕಿದ್ದರು. ಗಂಡನ ಕಣ್ಣಿಗೆ ಬಿದ್ದದ್ದು 'ನಿಮ್ಮಿಷ್ಟ' ಮಾತ್ರ. ಮನೆಯ ಕಂಪ್ಯೂಟರಿನ ಮುಂದೆ ಕೂತು, ಟೀ ಆರಿ ತಣ್ಣಗಾದರೂ ಗಮನಿಸದೆ, ಪಿಎಚ್‌ಪಿಯಲ್ಲಿ ಬರೆದು ಮುಗಿಸಿದ. ಅವನು ಹಾಗೆ ಮೈಮರೆತು ಕೂತದ್ದನ್ನು ಕಂಡು ಆಕೆಗೆ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿತ್ತು.

ಕಡ್ಡಿ ಅದನ್ನೇ ಹೊಸ ಭಾಷೆಯಲ್ಲಿ ಬರೆದು ಅದೇ ಕಂಪ್ಯೂಟರಿನಲ್ಲಿ ಅಪ್ಪನದರ ಪಕ್ಕಕ್ಕೆ ಇಟ್ಟಳು. "ಎರಡನ್ನೂ ಅಕ್ಕಪಕ್ಕ ತೆಗೆದು ನೋಡಪ್ಪ. ನೀನು ಬರ್ದಿರೋದೇ ಅದು, ಬಟ್ಟೆ ಮಾತ್ರ ಬೇರೆ. ಒಂದು ವಾರದಲ್ಲಿ ನೀನೇ ಬರೀತೀಯ."

"ನಿನ್ನ ಬಟ್ಟೆ ನೀನೇ ಹಾಕ್ಕೊ" ಅಂದ ಅಪ್ಪ. ತೆಗೆದೂ ನೋಡಲಿಲ್ಲ.

ಅಡುಗೆಮನೆಯಲ್ಲಿ ತಾಯಿಯ ಜೊತೆ ಬೀನ್ಸ್ ಮುರಿಯುತ್ತ ಮಗಳು ಕುದಿಯುತ್ತಿದ್ದಳು. "ಅಪ್ಪಂದು ಕಳಿಸಿದ್ರೆ ಅವರು ತೆಗೆದೂ ನೋಡಲ್ಲ ಅಮ್ಮ. ಬರೆದುಕೊಡ್ತೀನಿ ಬೇಕಾದ್ರೆ. ಮೇಲಿನ ಸಾಲು ನೋಡಿ ಪಕ್ಕಕ್ಕಿಡ್ತಾರೆ."

"ಅಷ್ಟೂ ಇಲ್ವಾ ಅದಕ್ಕೆ ಬೆಲೆ?"

"ಬೆಲೆ ಇದೆಯೋ ಇಲ್ವೋ, ಅವರಿಗೆ ಬೇಡ. ಬೇಡ ಅಂದ್ರೆ ಬೇಡ."

ಮರುದಿನ ಬೆಳಗ್ಗೆ ಗಂಡ ಬೂಟಿನ ಲೇಸು ಕಟ್ಟುತ್ತ ಎಂದಿನಂತೆ ಹೇಳಿದ: "ಆ ಸೈಕಲ್ಲಿಂದು ಕಳಿಸಿಬಿಡೆ. ಜೊತೆಗೆ ಚೆನ್ನಾಗಿ ನಾಲ್ಕು ಮಾತು ಬರಿ." ಬಾಗಿಲು ಹಾಕಿಕೊಂಡಿತು. ಆಕೆ ಕೂತು ನಾಲ್ಕು ಮಾತು ಬರೆದಳು, ಚೆನ್ನಾಗಿಯೇ ಬರೆದಳು. ಲಗತ್ತಿಸುವಾಗ ಪರದೆಯ ಮೇಲೆ ಎರಡು ಫೈಲು ಕಂಡವು. ಒಂದರ ಹೆಸರು 'ಸೈಕಲ್', ಇನ್ನೊಂದರದು 'ಸೈಕಲ್ ಕಡ್ಡಿ'. ಕ್ಲಿನಿಕ್ಕಿಗೆ ತಡವಾಗುತ್ತಿತ್ತು, ಅತ್ತೆ ಟೀ ಕೇಳುತ್ತಿದ್ದರು. ಆದರೆ ಅವಸರದಲ್ಲಿ ತಪ್ಪಾಯಿತು ಅಂತ ಆಕೆ ಆಮೇಲೆ ಒಮ್ಮೆಯೂ ಸುಳ್ಳು ಹೇಳಲಿಲ್ಲ. ಒಮ್ಮೆ ಕರೆದುಬಿಡಲಿ, ಎದುರಿಗೆ ಕೂತು ಮಾತಾಡಿದರೆ ಇವರ ಯೋಗ್ಯತೆ ಅವರಿಗೇ ತಿಳಿಯುತ್ತದೆ, ತೆಗೆದೂ ನೋಡದ ಹಾಗೆ ಮಾತ್ರ ಆಗದಿರಲಿ ಎಂದುಕೊಂಡು ಎರಡನೆಯದನ್ನೇ ಲಗತ್ತಿಸಿ ಗುಂಡಿ ಒತ್ತಿದಳು. ಟೀಗೆ ಸಕ್ಕರೆ ಹಾಕುವುದನ್ನು ಮರೆತು ಅತ್ತೆಯ ಕೈಲಿ ಅನ್ನಿಸಿಕೊಂಡಳು.

ಅವರು ಕರೆದೇ ಕರೆದರು.

ಗಂಡ ಆ ಸಂಜೆ ಮೆಟ್ಟಿಲು ಹಾರಿಕೊಂಡು ಬಂದ. ಕೈಯಲ್ಲಿ ಕೇಕಿನ ಡಬ್ಬಿ, ಇನ್ನೊಂದು ಕೈಯಲ್ಲಿ ಅತ್ತೆಯ ಕೋಣೆಗೆಂದು ದೊಡ್ಡ ಬಲ್ಬು. ಸ್ಟೂಲ್ ಹತ್ತಿ ತಾನೇ ಬಲ್ಬು ಹಾಕಿದ. "ನೋಡಮ್ಮ, ಈಗ ಕಾಣುತ್ತಾ?"

"ಕಾಣುತ್ತೆ. ನಿನ್ನ ಹಲ್ಲೂ ಕಾಣ್ತಿದೆ" ಎಂದರು ಅತ್ತೆ.

"ಏ ಕಡ್ಡಿ, ಬಾ ಇಲ್ಲಿ" ಎಂದು ಕೇಕು ಕತ್ತರಿಸುತ್ತ ಮಗಳನ್ನು ಕರೆದ. "ಏನಂತ ಬರ್ದಿದಾರೆ ಗೊತ್ತಾ? ಬರವಣಿಗೆ ಬಹಳ ಶುದ್ಧವಾಗಿದೆಯಂತೆ. ಶುದ್ಧ! ನಿಮ್ಮ ಆಫೀಸಲ್ಲಿ ನಗೋರಿಗೆ ಹೋಗಿ ಹೇಳು, ನಮ್ಮಪ್ಪನ ಪಿಎಚ್‌ಪಿ ನೋಡಿ ಕರೆದಿದಾರೆ ಅಂತ."

"ಪಿಎಚ್‌ಪಿ ನೋಡಿಯಾ?" ಕಡ್ಡಿಯ ಹುಬ್ಬು ಗಂಟಾಯಿತು. "ಆ ಕಂಪನಿ ಹಾಗೆ ಕರೆಯೋ ಪೈಕಿ ಅಲ್ಲಪ್ಪ."

"ಹೊಟ್ಟೆ ಉರ್ಕೊಬೇಡ. ತಿನ್ನು."

ಕಡ್ಡಿ ತಿನ್ನಲಿಲ್ಲ. ತಾಯಿಯ ಮುಖ ನೋಡಿದಳು. ತಾಯಿ ಚಾಕು ತೊಳೆಯುವ ನೆಪದಲ್ಲಿ ಅಡುಗೆಮನೆ ಸೇರಿದಳು. ಮಗಳೂ ಹಿಂದೆಯೇ ಬಂದು ನಲ್ಲಿಯನ್ನು ಜೋರಾಗಿ ತಿರುಗಿಸಿದಳು, ಹೊರಗೆ ಕೇಳಿಸದಿರಲಿ ಅಂತ.

"ಅಮ್ಮ. ಯಾವುದನ್ನ ಕಳಿಸಿದೆ?"

ಆಕೆ ತೊಳೆದ ಚಾಕುವನ್ನೇ ಮತ್ತೆ ತೊಳೆದಳು.

"ನಂದನ್ನ ಕಳಿಸಿದ್ಯಾ? ನನ್ನ ಕೇಳದೆ, ಅಪ್ಪನ್ನೂ ಕೇಳದೆ?"

"ನೀನೇ ಅಂದ್ಯಲ್ಲೇ, ಅವರದ್ದು ತೆಗೆದೂ ನೋಡಲ್ಲ ಅಂತ."

"ಅಂದೆ. ನೀನು ಕಳ್ಳತನ ಮಾಡು ಅಂದ್ನಾ? ನಾನು ಬರ್ದಿದ್ದು ಅಪ್ಪ ಕಲೀಲಿ ಅಂತ. ಅದನ್ನ ಎತ್ಕೊಂಡು ಹೋಗಿ ಅಪ್ಪನ ಹೆಸರಲ್ಲಿ ಕೊಟ್ಟಿದೀಯ. ನಾಳೆ ಅಪ್ಪ ಅಲ್ಲಿ ಕೂತಾಗ ಇದೇ ಪ್ರೋಗ್ರಾಮನ್ನ ಗೋಡೆ ಮೇಲಿನ ಪರದೇಲಿ ಹಾಕಿ ಒಂದೊಂದೇ ಸಾಲು ಕೇಳ್ತಾರಮ್ಮ! ಅಪ್ಪ ಅದನ್ನ ನೋಡೇ ಇಲ್ಲ. ಏನಂತಾರೆ?"

ಹಾಗೆ ಕೇಳುತ್ತಾರೆಂದು ಆಕೆಗೆ ತಿಳಿದಿರಲಿಲ್ಲ. ಕೆಲಸಕ್ಕೆ ಕರೆದವರು ಊರು ಕೇರಿ, ಅನುಭವ, ಯಾವಾಗ ಬರುತ್ತೀರಿ ಎಂದು ಕೇಳುತ್ತಾರೆ ಅಂದುಕೊಂಡಿದ್ದಳು. ಕ್ಲಿನಿಕ್ಕಿನಲ್ಲಿ ಹಾಗೇ ಕೇಳಿದ್ದರು.

"ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ ಕಣೇ. ನೀನು ಮಧ್ಯೆ ಬರಬೇಡ."

ಹೇಳುತ್ತೇನೆ ಅಂದಳೇ ಹೊರತು ಬಾಯಿ ಬರಬೇಕಲ್ಲ! ಗಂಡ ಸಿಳ್ಳೆ ಹಾಕುತ್ತ ಓಡಾಡುತ್ತಿದ್ದ. ಗೀಸರ್ ಬಿಸಿಯಾಗಿತ್ತು. ಬೆಳಗ್ಗೆ ತಾನೇ ಎರಡು ಮೊಟ್ಟೆ ಬೇಯಿಸಿ ಮಗಳ ತಟ್ಟೆಗೆ ಹಾಕುತ್ತಿದ್ದ. ಎಷ್ಟೋ ವಾರಗಳ ಮೇಲೆ ಮನೆ ಮನೆಯಾಗಿತ್ತು. ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದು ಆಕೆ ಮುಂದೂಡಿದಳು. ಮಗಳು ಮಾತ್ರ ಊಟದ ಮೇಜಿನಲ್ಲಿ ತಾಯಿಯನ್ನೇ ದಿಟ್ಟಿಸಿ ನೋಡುತ್ತ ತುತ್ತು ನುಂಗುತ್ತಿದ್ದಳು.

"ತಾಯಿ ಮಗಳಿಗೆ ಏನಾಗಿದೆ?" ಎಂದು ಅತ್ತೆ ಕೇಳಿದರು. "ಒಬ್ಬಳು ತಲೆ ಎತ್ತಲ್ಲ, ಇನ್ನೊಬ್ಬಳು ಇಳಿಸಲ್ಲ."

ಅಷ್ಟರಲ್ಲಿ ಇನ್ನೊಂದು ಗಂಡಾಂತರ. ಸಂದರ್ಶನಕ್ಕೆ ಎರಡು ದಿನ ಮುಂಚೆ ಗಂಡ ಕುರ್ಚಿ ಎಳೆದುಕೊಂಡು ಆಕೆಯ ಪಕ್ಕ ಕೂತ. "ನಮ್ಮ ಮ್ಯಾನೇಜರಿಗೆ ಒಂದು ಬರಿ. ಆ ಹೊಸ ಟೀಮಿನ ಜಾಗ ನನಗೆ ಬೇಡ, ಬೇರೆಯವರಿಗೆ ಕೊಡಿ ಅಂತ. ಖಡಾಖಂಡಿತವಾಗಿ ಬರಿ."

"ಇಷ್ಟು ಬೇಗ ಯಾಕ್ರೀ? ಅಲ್ಲಿ ಏನಾಗುತ್ತೋ ನೋಡ್ಕೊಂಡು..."

"ಏನಾಗೋದು? ಕರೆದಿದಾರಲ್ಲ! ಬರಿ."

ಆಕೆ ಬರೆದಳು. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ಬಚ್ಚಲಿನಿಂದಲೇ ಕೂಗಿದ: "ಕಳಿಸಿದ್ಯೇನೇ?"

"ಹೂಂ" ಎಂದಳು. ಗುಂಡಿ ಒತ್ತಿರಲಿಲ್ಲ.

ಸಂದರ್ಶನದ ದಿನ ಬೆಳಗ್ಗೆ ಕಡ್ಡಿ ಆಫೀಸಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಅಮ್ಮ, ನೀನು ಈಗ ಹೇಳ್ದೇ ಇದ್ರೆ ನಾನು ಚಪ್ಪಲಿ ಬಿಚ್ಚಿ ಒಳಗೆ ಬರ್ತೀನಿ" ಎಂದಳು. ಆಕೆ ಕೈಸನ್ನೆ ಮಾಡಿ ಕಳಿಸಿ ಒಳಗೆ ಬಂದಳು. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಳೆಯ ಪೇಪರ್ ಹಾಸಿ ಬೂಟಿಗೆ ಪಾಲಿಶ್ ಉಜ್ಜುತ್ತಿದ್ದ.

"ರೀ, ಒಂದು ಮಾತು. ನಾನು ಅವರಿಗೆ ಕಳಿಸಿದ್ದು ನೀವು ಬರೆದದ್ದಲ್ಲ."

"ಅಂದ್ರೆ?"

"ಕಡ್ಡೀದು ಕಳಿಸಿದೆ. ಅವಳಿಗೆ ಗೊತ್ತಿಲ್ದೆ. ನಾನೇ."

ಬ್ರಷ್ ನಿಂತಿತು. ಕೂಗಾಡುತ್ತಾನೆ ಎಂದು ಆಕೆ ಮೈ ಬಿಗಿಹಿಡಿದು ನಿಂತಿದ್ದಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಶುದ್ಧವಾಗಿದೆ ಅಂದದ್ದು ಅವಳದನ್ನ" ಎಂದ.

"ನಾನು ಒಳ್ಳೇದಕ್ಕೇ..."

"ನನ್ನದನ್ನ ಯಾರೂ ನೋಡೇ ಇಲ್ಲ."

ಇನ್ನೊಂದು ಬೂಟಿಗೂ ಪಾಲಿಶ್ ಹಚ್ಚಿದ. ಎದ್ದು ಕಂಪ್ಯೂಟರಿನ ಹತ್ತಿರ ಹೋಗಿ ಪೆನ್‌ಡ್ರೈವಿಗೆ ಏನನ್ನೋ ಹಾಕಿಕೊಂಡು ಜೇಬಿಗಿಳಿಸಿದ. "ಹೋಗ್ತೀರಾ?" ಎಂದು ಆಕೆ ಕೇಳಿದ್ದಕ್ಕೆ, "ಬರ್ತೀನಿ ಅಂತ ಹೇಳಿಯಾಗಿದೆಯಲ್ಲ. ಅದೂ ನೀನೇ ಬರೆದದ್ದು" ಎಂದು ಬಾಗಿಲು ಎಳೆದುಕೊಂಡ. ಪೇಪರಿನ ಮೇಲೆ ಪಾಲಿಶ್ ಡಬ್ಬಿ ತೆರೆದೇ ಬಿದ್ದಿತ್ತು.

ಆ ದಿನ ಕ್ಲಿನಿಕ್ಕಿನಲ್ಲಿ ಆಕೆ ಹಲ್ಲು ಕೀಳಿಸಿಕೊಳ್ಳಬೇಕಾದವರನ್ನು ಬರೀ ತೊಳೆಸಿಕೊಳ್ಳುವವರ ಸಾಲಿಗೆ ಕೂರಿಸಿದಳು. ಡಾಕ್ಟರ್ ಒಳಗಿನಿಂದ ಬಂದು, "ಏನಮ್ಮ, ಇವತ್ತು ಎಲ್ಲಿದ್ದೀರಿ?" ಎಂದು ಕೇಳಿದರು. ಕೆನ್ನೆ ಹಿಡಿದುಕೊಂಡಿದ್ದ ಮುದುಕರೊಬ್ಬರಿಗೆ ಸಮಾಧಾನ ಹೇಳಹೋಗಿ ಆಕೆಗೇ ಕಣ್ಣು ತುಂಬಿಬಂತು. "ಅಷ್ಟೇನೂ ನೋಯ್ತಿಲ್ಲಮ್ಮ" ಎಂದು ಅವರೇ ಆಕೆಗೆ ಧೈರ್ಯ ಹೇಳಬೇಕಾಯಿತು.

ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅಂಗಿಯ ತೋಳು ಮಡಿಸಿದ್ದ. ನಾಲ್ಕು ಜನಕ್ಕೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಸುಲಿದು ರಾಶಿ ಹಾಕಿದ್ದ. ಅತ್ತೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಮಗನನ್ನೇ ನೋಡುತ್ತಿದ್ದರು. ಕಡ್ಡಿಯೂ ಆಗತಾನೇ ಬಂದು ಬ್ಯಾಗು ಇಳಿಸದೆ ನಿಂತಿದ್ದಳು.

"ಹೇಳಪ್ಪ, ಏನಾಯ್ತು?"

"ಗೋಡೆ ಮೇಲೆ ಹಾಕಿದ್ರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಈ ಸಾಲು ಯಾಕೆ ಹೀಗೆ ಬರೆದ್ರಿ ಅಂತ ಕೇಳಿದ್ರು. ನಾನು ಬರೆದದ್ದಲ್ಲ, ತಪ್ಪಿ ಬಂದಿದೆ, ನನ್ನದು ಇದು ಅಂತ ಪೆನ್‌ಡ್ರೈವ್ ಇಟ್ಟೆ."

"ನೋಡಿದ್ರಾ?" ಆಕೆ ಕೇಳಿದಳು.

"ಯಾವ ಭಾಷೆ ಅಂದ್ರು. ಹೇಳ್ದೆ. ಒಳ್ಳೇದು ಸರ್ ಅಂತ ಟೀ ತರಿಸಿದ್ರು. ಪೆನ್‌ಡ್ರೈವ್ ಮುಟ್ಟಲಿಲ್ಲ. ಟೀ ಚೆನ್ನಾಗಿತ್ತು." ಚಾಕುವಿನಿಂದ ಆಲೂಗಡ್ಡೆಯ ಒಂದು ಕಪ್ಪು ಚುಕ್ಕೆಯನ್ನು ಕೆತ್ತಿ ತೆಗೆದ. "ಲಿಫ್ಟಿನ ತನಕ ಬಂದು ಆ ಹುಡುಗಿ ಕೇಳಿದ್ಲು, ಇದನ್ನ ಬರೆದವರ ನಂಬರ್ ಇದೆಯಾ ಸರ್ ಅಂತ."

ಅತ್ತೆ ಮಗನನ್ನು ಬಿಟ್ಟು ಮೊಮ್ಮಗಳ ಕಡೆ ತಿರುಗಿದರು.

"ಕೊಟ್ಟೆ. ನನ್ನ ಮಗಳ ನಂಬರ್ ನನಗೆ ಬಾಯಿಪಾಠ."

"ಅಪ್ಪಾ!" ಕಡ್ಡಿಗೆ ಅಳು ನುಗ್ಗಿ ಬಂತು. "ಯಾಕಪ್ಪ ಕೊಟ್ಟೆ? ನಾನು ಹೋಗಲ್ಲ. ಅವರು ಫೋನ್ ಮಾಡಿದ್ರೆ ಎತ್ತೋದೂ ಇಲ್ಲ."

"ಎತ್ತು. ನನ್ನ ಮರ್ಯಾದೆ ಉಳಿಸೋಕೆ ನೀನು ಕೆಲಸ ಬಿಡೋದು ಬೇಡ. ಸಾಕಷ್ಟು ಜನ ಉಳಿಸಿಯಾಗಿದೆ."

ಆಕೆಗೆ ಚಾಟಿ ಏಟು ಬಿದ್ದ ಹಾಗಾಯಿತು. "ತಪ್ಪಾಯ್ತು ರೀ. ಎಲ್ಲರೂ ತಿರುಗಿ ನೋಡದೆ ಹೋಗ್ತಿದ್ರು. ನಿಮ್ಮ ಮುಖ ನೋಡಕ್ಕಾಗ್ತಿರಲಿಲ್ಲ ನನಗೆ. ಏನು ಮಾಡ್ಲಿ ಹೇಳಿ?"

"ಇಷ್ಟು ವರ್ಷ ನನ್ನ ಮಾತು ತಿದ್ದಿದೆ. ನನಗೇನೂ ಅನ್ನಿಸಲಿಲ್ಲ. ಈಗ ನನ್ನನ್ನೇ ತೆಗೆದು ಬೇರೆಯವರನ್ನ ಹಾಕಿದೆಯಲ್ಲೇ!" ಅವನ ದನಿ ಈಗ ಏರಿತು. ಚಾಕು ಸಿಪ್ಪೆಯ ರಾಶಿಗೆ ಬಿತ್ತು. "ಆ ಹುಡುಗರು ಬೇಡ ಅಂದ್ರು, ಸರಿ. ಅವರು ಪರಕೀಯರು. ನೀನೂ ಬೇಡ ಅಂದ್ಯಲ್ಲ! ತೆಗೆದು ನೋಡೋ ಮೊದಲೇ ನೀನೂ ಪಕ್ಕಕ್ಕಿಟ್ಟೆ. ಈಗ ಅಲ್ಲೂ ಇಲ್ಲ. ಆಫೀಸಿಗೂ ಬೇಡ ಅಂತ ಬರೆದಾಯ್ತು."

ಅದನ್ನು ಹೇಳದೆ ಇದ್ದುಬಿಡಬಹುದಿತ್ತು. ಆದರೆ ಆಕೆಗೆ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿತ್ತು.

"ಆ ಪತ್ರ ಹೋಗಿಲ್ಲ. ಹಾಗೇ ಇದೆ. ನಾನು ಕಳಿಸಲಿಲ್ಲ."

ಗಂಡ ನಕ್ಕ. ಆ ನಗು ಕೇಳಿ ಅತ್ತೆ ಕುರ್ಚಿಯಿಂದ ಏಳಲು ಹೋದರು.

"ಹಾಗಾದ್ರೆ ನಾನು ಈ ಮನೇಲಿ ಹೇಳಿದ ಯಾವ ಮಾತು ಹೊರಗೆ ಹೋಗಿದೆ? ಅದನ್ನಾದ್ರೂ ಹೇಳು."

ತಾನು ಕಳಿಸದೆ ಉಳಿಸಿದ ಆ ಪತ್ರದಿಂದ ಮನೆಗೆ ಒಳ್ಳೆಯದೇ ಆಗಿರಬಹುದು, ಆದರೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅತ್ತೆಯೇ ಬಂದು ಸಿಪ್ಪೆಯೊಳಗಿಂದ ಚಾಕು ಹುಡುಕಿ ತೆಗೆದು, "ಇಷ್ಟೊಂದು ಆಲೂಗಡ್ಡೆ ಯಾರು ತಿನ್ನೋದು?" ಎಂದು ತಮ್ಮಷ್ಟಕ್ಕೇ ಗೊಣಗಿದರು.

ನಾಲ್ಕೂ ಜನ ಅದನ್ನೇ ಮಾತಿಲ್ಲದೆ ತಿಂದರು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಆಮೇಲಿನ ದಿನಗಳಲ್ಲಿ ಗಂಡ ಪತ್ರಗಳನ್ನು ತಾನೇ ಬರೆಯತೊಡಗಿದ. ಎರಡು ಬೆರಳಲ್ಲಿ ಕುಟ್ಟುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಪ್ರೋಗ್ರಾಂ ಬರೆಯುವಾಗ ಹತ್ತೂ ಬೆರಳು ಓಡಿಸುವ ಮನುಷ್ಯ ಪತ್ರಕ್ಕೆ ಬಂದಾಗ ಎರಡಕ್ಕಿಳಿಯುತ್ತಿದ್ದ. ಯಾರಿಗೆ ಬರೆದ, ಏನು ಬರೆದ ಎಂದು ಆಕೆ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಬೇಕಾದ್ದಕ್ಕೆ ಮಾತ್ರ ಮಾತು: ಉಪ್ಪು ಕೊಡು, ಬಾಗಿಲು ಹಾಕು, ಅಮ್ಮನ ಮಾತ್ರೆ ಮುಗಿದಿದೆ.

ಕಡ್ಡಿಗೆ ಆ ಕಂಪನಿಯಿಂದ ಫೋನು ಬಂತು. ಅಪ್ಪ ಎದುರಿಗೇ ಕೂತಿದ್ದರಿಂದ ಎತ್ತಬೇಕಾಯಿತು. "ಯೋಚನೆ ಮಾಡಿ ಹೇಳ್ತೀನಿ" ಎಂದು ಇಟ್ಟಳು. ಅಪ್ಪ ಪೇಪರ್ ಮಡಿಸಿದ.

"ಆ ಸಾಲು ಯಾಕೆ ಹಾಗೆ ಬರೆದೆ?"

"ಯಾವ ಸಾಲಪ್ಪ?"

"ಅವರು ಕೇಳಿದ್ದು. ಸೈಕಲ್ ವಾಪಸ್ ಬರ್ದೇ ಇದ್ರೆ ಅನ್ನೋ ಕಡೆ. ನಾನಾಗಿದ್ರೆ ಮೂರು ಸಾಲು ಬರೀತಿದ್ದೆ. ನೀನು ಒಂದರಲ್ಲಿ ಮುಗಿಸಿದೀಯ. ಅಲ್ಲಿ ಕೂತಾಗ ಅರ್ಥ ಆಗಲಿಲ್ಲ ನನಗೆ."

ಕಡ್ಡಿ ಕುರ್ಚಿಯಿಂದ ಎದ್ದೇಬಿಟ್ಟಳು. "ತೋರಿಸ್ಲಾ?"

"ಮತ್ತೆ ಯಾಕೆ ಕೇಳ್ತಿದೀನಿ?"

ಇಬ್ಬರೂ ಕಂಪ್ಯೂಟರಿನ ಮುಂದೆ ಕೂತರು. ಸ್ವಲ್ಪ ಹೊತ್ತಿನಲ್ಲೇ ಜಗಳ ಕೇಳಿಸಿತು. "ಇದು ಶುದ್ಧ ತಲೆಹರಟೆ" ಅನ್ನುತ್ತಿದ್ದ ಅಪ್ಪ. "ನಿಂಗೆ ಅಭ್ಯಾಸ ಇಲ್ಲ ಅಷ್ಟೇ, ಕೈ ತೆಗಿ, ನಾನು ಮಾಡ್ತೀನಿ" ಅನ್ನುತ್ತಿದ್ದಳು ಮಗಳು. "ನೀನು ಮಾಡಿದ್ರೆ ನಾನು ಕಲಿಯೋದು ಯಾವಾಗ?" ಎಂದ ಅಪ್ಪ. ಆಕೆ ಒಲೆಯ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹಾಲು ಉಕ್ಕಿತು.

ಹಳೆಯ ಸೈಟು ಮುಚ್ಚುವ ವಾರ ಬಂತು. ಒಂದು ಬೆಳಗ್ಗೆ ಆಕೆ ಅತ್ತೆಯ ಹಾಸಿಗೆ ಸರಿಮಾಡುತ್ತಿದ್ದಾಗ ಹಜಾರದಿಂದ ಗಂಡ ಕರೆದ. "ಏನೇ, ಬಾ ಇಲ್ಲಿ." ಎಷ್ಟೋ ದಿನದ ಮೇಲೆ ಆ 'ಏನೇ' ಕೇಳಿ ಆಕೆಯ ಕೈಯಿಂದ ದಿಂಬು ಜಾರಿತು. ಅತ್ತೆ, "ಹೋಗಮ್ಮ, ಹಾಸಿಗೆ ಎಲ್ಲಿಗೂ ಓಡಿಹೋಗಲ್ಲ" ಎಂದರು.

ಪರದೆಯ ಮೇಲೆ ಮ್ಯಾನೇಜರಿಗೆ ಬರೆದ ಪತ್ರವಿತ್ತು. ಗಂಡ ಕುರ್ಚಿ ಸ್ವಲ್ಪ ಸರಿಸಿ ಜಾಗ ಕೊಟ್ಟ. "ನೋಡು."

ಆಕೆ ಬಗ್ಗಿ ಓದಿದಳು. 'ಹೊಸ ಟೀಮಿನ ಕೆಲಸ ಬೇಡ ಎಂದು ಬಾಯಲ್ಲಿ ಹೇಳಿದ್ದೆ. ಸಿಟ್ಟಿನಲ್ಲಿ ಹೇಳಿದ್ದು. ನನಗೆ ಹೊಸ ಭಾಷೆ ಬರುವುದಿಲ್ಲ. ಮನೆಯಲ್ಲಿ ಕಲಿಯುತ್ತಿದ್ದೇನೆ, ನಿಧಾನವಾಗುತ್ತಿದೆ. ಜಾಗ ಇನ್ನೂ ಇದ್ದರೆ ಬರುತ್ತೇನೆ. ಆ ಹುಡುಗಿಯ ಪಕ್ಕ ಕೂರುವುದಕ್ಕೆ ಅಡ್ಡಿಯಿಲ್ಲ. ಜಾಗ ಇಲ್ಲದಿದ್ದರೆ ನೇರವಾಗಿ ಹೇಳಿ, ಟೀ ಕುಡಿಸಬೇಡಿ.'

ಆಕೆಯ ಎದೆಯಲ್ಲಿ ಒಂದು ತಿದ್ದುಪಡಿ ಎದ್ದಿತು, ಇನ್ನೊಂದು ಎದ್ದಿತು. 'ಬರುವುದಿಲ್ಲ' ಎಂದು ಹೀಗೆ ಯಾರಾದರೂ ಮುಖಕ್ಕೆ ಹೊಡೆದಂತೆ ಬರೆಯುತ್ತಾರೆಯೇ? ಅಷ್ಟು ವರ್ಷದ ಅನುಭವದ ಮಾತೇ ಇಲ್ಲ. ಟೀ ವಿಷಯ ಯಾಕೆ ಬೇಕಿತ್ತು? ಒಂದೇ ಒಂದು ಸಾಲು ನಯ ಮಾಡಿದರೆ...

"ನಮಸ್ಕಾರ ಹಾಕಿಲ್ಲ" ಎಂದಳು.

"ಎಲ್ಲಿ?"

"ಮೇಲೆ, ಮೊದಲಿಗೆ."

ಅವನು ಎರಡು ಬೆರಳಲ್ಲಿ ನಮಸ್ಕಾರ ಕುಟ್ಟಿದ. "ಮತ್ತೆ?"

ಆಕೆ ಇನ್ನೊಮ್ಮೆ ಮೇಲಿನಿಂದ ಕೆಳಗಿನ ತನಕ ಓದಿದಳು. ಕಣ್ಣಲ್ಲಿ ನೀರು ಬಂದು ಅಕ್ಷರ ಮಂಜಾಯಿತು. ಇಷ್ಟು ವರ್ಷ ತಾನು ಬರೆದ ನೂರಾರು ಪತ್ರಗಳಲ್ಲಿ ಈ ಮನುಷ್ಯ ಒಂದರಲ್ಲೂ ಇರಲಿಲ್ಲ.

"ಇಷ್ಟೇ. ಸರಿಯಾಗಿದೆ" ಎಂದಳು.

"ಸರಿಯಾಗಿದೆ ತಾನೇ?"

"ಹೂಂ."

"ಹಾಗಾದ್ರೆ ಕೈ ತೆಗಿ."

ಆಗ ಆಕೆ ಕೆಳಗೆ ನೋಡಿದಳು. ತನಗೇ ತಿಳಿಯದ ಹಾಗೆ, ಅಭ್ಯಾಸಬಲದಿಂದ, ಆಕೆಯ ಕೈ ಮೌಸಿನ ಮೇಲೆ ಹೋಗಿ ಕೂತಿತ್ತು. ಬೆರಳು ಆಗಲೇ ಗುಂಡಿಯ ಮೇಲಿತ್ತು. ಆಕೆ ಕೈ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಗಂಡ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಒಂದು ಸಲ ಆಕೆಯ ಮುಖ ನೋಡಿ, ತಾನೇ ಒತ್ತಿದ.